ಹಂದಿಯ ಪ್ಯಾಂಕ್ರಿಯಾಸ್‌ನಿಂದ ಐಲೆಟ್ ಬೇರ್ಪಡಿಸುವುದು ಹೇಗೆ? ಕಸಿಗೆ ಬೇಕಾದ ಕೋಶಗಳ ಹಂತ ಹಂತದ ಮಾರ್ಗದರ್ಶಿ

ಟೈಪ್ 1 ಡಯಾಬಿಟಿಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಈ ಕೋಶಗಳು ಇರುವುದು ಪ್ಯಾಂಕ್ರಿಯಾಸ್ ಅಥವಾ ಮೇದೋಜೀರಕ ಗ್ರಂಥಿಯೊಳಗೆ ಅಲ್ಲಲ್ಲಿ ಹರಡಿರುವ ಪುಟ್ಟ ಗುಂಪುಗಳಲ್ಲಿ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಮೊದಲ ಸಲ ಗುರುತಿಸಿದ ಈ ಗುಂಪುಗಳನ್ನೇ ಐಲೆಟ್ ಅಂತ ಕರೆಯುತ್ತೇವೆ. ಇಡೀ ಗ್ರಂಥಿಯಲ್ಲಿ ಇವುಗಳ ಪಾಲು ಶೇಕಡಾ 1ರಿಂದ 2 ಮಾತ್ರ. ಉಳಿದದ್ದೆಲ್ಲ ಜೀರ್ಣರಸ ತಯಾರಿಸುವ ಅಸಿನಾರ್ ಅಂಗಾಂಶ, ನಾಳಗಳು, ರಕ್ತನಾಳಗಳು ಮತ್ತು ನಾರು.

ಸತ್ತ ದಾನಿಗಳಿಂದ ಐಲೆಟ್ ತೆಗೆದು ರೋಗಿಗೆ ಕಸಿ ಮಾಡಿದರೆ ಫಲ ಸಿಗುತ್ತದೆ ಎಂಬುದು 2000ದಲ್ಲಿ ಕೆನಡಾದ ಎಡ್ಮಂಟನ್ ತಂಡ ಏಳು ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಖಚಿತವಾಯಿತು. ಆದರೆ ದಾನಿಗಳು ಎಲ್ಲಿದ್ದಾರೆ? ಒಬ್ಬ ರೋಗಿಗೆ ಎಷ್ಟೋ ಸಲ ಇಬ್ಬರು ದಾನಿಗಳ ಪ್ಯಾಂಕ್ರಿಯಾಸ್ ಬೇಕಾಗುತ್ತದೆ. ಅದಕ್ಕೇ ಎಲ್ಲರ ಕಣ್ಣು ಹಂದಿಯ ಮೇಲೆ. ಹಂದಿಯ ಇನ್ಸುಲಿನ್‌ಗೂ ನಮ್ಮ ಇನ್ಸುಲಿನ್‌ಗೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ದಶಕಗಳ ಕಾಲ ಲಕ್ಷಾಂತರ ಜನ ಹಂದಿಯ ಇನ್ಸುಲಿನ್ ಚುಚ್ಚಿಕೊಂಡೇ ಬದುಕಿದ್ದಾರೆ.

ಈ ಲೇಖನ ಐಲೆಟ್ ಲ್ಯಾಬ್‌ಗೆ ಹೊಸದಾಗಿ ಕಾಲಿಡುವವರಿಗೆ, ಕೋಶ ಚಿಕಿತ್ಸೆ ಓದುತ್ತಿರುವ ವಿದ್ಯಾರ್ಥಿಗಳಿಗೆ ಮತ್ತು ಮನೆಯಲ್ಲಿ ಟೈಪ್ 1 ರೋಗಿ ಇದ್ದು, ಲ್ಯಾಬ್‌ನೊಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ತಿಳಿಯಬೇಕೆನ್ನುವವರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಐಲೆಟ್ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ದುಬಾರಿ ಯಂತ್ರದಲ್ಲಿ ತೀರ್ಮಾನವಾಗುವುದಿಲ್ಲ. ಯಾವ ಹಂದಿ, ಗ್ರಂಥಿ ಎಷ್ಟು ಬೇಗ ತಣ್ಣಗಾಯಿತು, ಎಂಜೈಮ್ ಕೆಲಸವನ್ನು ಯಾವ ನಿಮಿಷದಲ್ಲಿ ನಿಲ್ಲಿಸಿದಿರಿ, ಈ ಮೂರರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ.

ಕೈ ಹಾಕುವ ಮೊದಲು

ಇದು ಅನುಮತಿ ಇರುವ ಸಂಸ್ಥೆಯಲ್ಲಿ, ತರಬೇತಿ ಪಡೆದ ತಂಡ ಮಾತ್ರ ಮಾಡುವ ಕೆಲಸ. ಪ್ರಾಣಿಗಳ ಬಳಕೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕೋಶಗಳು ಮನುಷ್ಯರ ದೇಹಕ್ಕೆ ಹೋಗುವುದಾದರೆ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಇರುವ ಕ್ಲಿನಿಕಲ್ ಟ್ರಯಲ್ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಚೀನಾದ ಚಾಂಗ್‌ಶಾದಲ್ಲಿ ನಡೆಸಿದ ಸಭೆಯ ನಂತರ ಬಂದ ಹೇಳಿಕೆ, ಸರಿಯಾದ ನಿಯಂತ್ರಣ ಇಲ್ಲದ ಕಡೆ ಪ್ರಾಣಿ ಕೋಶಗಳ ಕಸಿ ನಡೆಯಲೇಬಾರದು ಎಂದು ಖಡಾಖಂಡಿತವಾಗಿ ಹೇಳಿದೆ. ಎಲ್ಲಾದರೂ ದುಡ್ಡು ತೆಗೆದುಕೊಂಡು ಹಂದಿ ಕೋಶದ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ತಂಡವನ್ನು ಮೊದಲೇ ಹಂಚಿಕೊಳ್ಳಿ. ಗ್ರಂಥಿ ತೆಗೆಯುವವರು ಬೇರೆ, ಸಂಸ್ಕರಿಸುವವರು ಬೇರೆ, ಗುಣಮಟ್ಟ ಪರೀಕ್ಷೆ ಮಾಡುವವರು ಬೇರೆ. ಕೊನೆಯವರಿಗೆ "ಈ ಬ್ಯಾಚ್ ಬೇಡ" ಅನ್ನುವ ಅಧಿಕಾರ ಇರಬೇಕು. ಆರೇಳು ಗಂಟೆ ಬೆವರು ಸುರಿಸಿ ಮಾಡಿದ ಬ್ಯಾಚನ್ನು ಮಾಡಿದವರೇ ತಿರಸ್ಕರಿಸುವುದು ಕಷ್ಟ, ಅಲ್ವಾ?

ಯಾವ ಹಂದಿ?

ಹೊಸಬರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಂದಿ ಅಂದರೆ ಹಂದಿ ಅಂದುಕೊಳ್ಳುತ್ತಾರೆ. ಹಾಗಲ್ಲ.

ಮನುಷ್ಯರ ಐಲೆಟ್ ಸುತ್ತ ತಕ್ಕಮಟ್ಟಿಗೆ ಗಟ್ಟಿಯಾದ ಕೊಲ್ಯಾಜೆನ್ ಪೊರೆ ಇರುತ್ತದೆ. ಹಂದಿಯ ಐಲೆಟ್‌ಗೆ ಆ ಪೊರೆ ತೀರಾ ತೆಳು, ಕೆಲವು ಕಡೆ ಇಲ್ಲವೇ ಇಲ್ಲ. ಹಾಗಾಗಿ ಸುತ್ತಲಿನ ಅಂಗಾಂಶ ಕರಗುವಾಗ ಐಲೆಟ್ ಕೂಡ ಒಣಗಿದ ಮರಳಿನ ಮುದ್ದೆಯಂತೆ ಉದುರಿಬಿಡುತ್ತದೆ. ಮಾಂಸಕ್ಕೆ ಸಾಕುವ ಆರು ತಿಂಗಳ ಹಂದಿಗಳಲ್ಲಿ ಈ ತೊಂದರೆ ತುಂಬಾ ಜಾಸ್ತಿ. ಎರಡು ವರ್ಷ ದಾಟಿದ, ಹಲವು ಸಲ ಮರಿ ಹಾಕಿದ ಹೆಣ್ಣು ಹಂದಿಗಳಲ್ಲಿ ಐಲೆಟ್‌ಗಳು ದೊಡ್ಡವು, ಪೊರೆಯೂ ಗಟ್ಟಿ. ಅವು ಇಡಿಯಾಗಿ ಹೊರಬರುವ ಸಾಧ್ಯತೆ ಹೆಚ್ಚು. ಆದರೆ ಅಷ್ಟು ವರ್ಷ ಹಂದಿಯನ್ನು ಸೋಂಕಿಲ್ಲದ ಆವರಣದಲ್ಲಿ ಸಾಕುವ ಖರ್ಚು ಭಾರಿ. ಇನ್ನೊಂದು ತುದಿಯಲ್ಲಿ ಹುಟ್ಟಿ ಒಂದರಿಂದ ಮೂರು ದಿನವಾದ ಮರಿಗಳಿವೆ. ಅವುಗಳ ವಿಧಾನವೇ ಬೇರೆ, ಮುಂದೆ ಹೇಳುತ್ತೇನೆ.

ತಳಿ ಒಂದೇ ಆದರೂ ಹಂದಿಯಿಂದ ಹಂದಿಗೆ ಐಲೆಟ್ ಗಾತ್ರ ತುಂಬಾ ಬದಲಾಗುತ್ತದೆ. ಆದ್ದರಿಂದ ಗ್ರಂಥಿ ಹೊರಬಂದ ಕೂಡಲೇ ಅಂಚಿನಿಂದ ಒಂದು ಚೂರು ಕತ್ತರಿಸಿ ಡೈಥಿಜೋನ್ ಬಣ್ಣದಲ್ಲಿ ಅದ್ದಿ ಮೈಕ್ರೋಸ್ಕೋಪ್ ಕೆಳಗೆ ನೋಡಿ. ಬೀಟಾ ಕೋಶಗಳಲ್ಲಿ ಇನ್ಸುಲಿನ್ ಜೊತೆ ಸತು ಇರುತ್ತದೆ. ಡೈಥಿಜೋನ್ ಆ ಸತುವಿಗೆ ಅಂಟಿ ಐಲೆಟ್ ಕೆಂಪಾಗುತ್ತದೆ. ಕೆಂಪು ಚುಕ್ಕೆಗಳು ದೊಡ್ಡದಾಗಿ, ಅಂಚು ಸ್ಪಷ್ಟವಾಗಿ ಕಂಡರೆ ಮುಂದುವರಿಯಿರಿ. ಪುಡಿ ಪುಡಿಯಾಗಿ ಚದುರಿದಂತೆ ಕಂಡರೆ ಅಲ್ಲಿಗೇ ನಿಲ್ಲಿಸುವುದು ಜಾಣತನ. ಎಂಜೈಮ್ ದುಬಾರಿ, ತಂಡದ ಒಂದು ದಿನ ಅದಕ್ಕಿಂತ ದುಬಾರಿ. ಐದು ನಿಮಿಷದ ಈ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಆರೋಗ್ಯದ ವಿಷಯ. ಮನುಷ್ಯರಿಗೆ ಕೊಡುವ ಕೋಶಗಳಿಗೆ ಮಾರುಕಟ್ಟೆಯ ಹಂದಿ ನಡೆಯುವುದಿಲ್ಲ. ಗೊತ್ತುಪಡಿಸಿದ ರೋಗಾಣುಗಳಿಲ್ಲದ ಮುಚ್ಚಿದ ಹಿಂಡು ಬೇಕು. ಸಾಮಾನ್ಯವಾಗಿ ಸಿಸೇರಿಯನ್ ಮಾಡಿ ಮರಿ ತೆಗೆದು, ತಾಯಿಯಿಂದ ದೂರವಿಟ್ಟು, ಸೋಸಿದ ಗಾಳಿ ಮತ್ತು ಶುದ್ಧ ಮಾಡಿದ ಆಹಾರ ಕೊಟ್ಟು ಬೆಳೆಸಿ ಇಂಥ ಹಿಂಡು ಶುರು ಮಾಡುತ್ತಾರೆ. ಹಂದಿಯ ಸೈಟೊಮೆಗಾಲೋವೈರಸ್, ಹೆಪಟೈಟಿಸ್ ಇ, ಸರ್ಕೋವೈರಸ್ ಮುಂತಾದವುಗಳಿಗೆ ಮತ್ತೆ ಮತ್ತೆ ಪರೀಕ್ಷೆ ಆಗಬೇಕು. ಇದು ಬರೀ ಕಾಗದದ ಕೆಲಸ ಅಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹಂದಿಯ ಹೃದಯ ಪಡೆದ ಮೊದಲ ರೋಗಿಯ ದೇಹದಲ್ಲಿ ಇದೇ ಹಂದಿ ಸೈಟೊಮೆಗಾಲೋವೈರಸ್ ಪತ್ತೆಯಾಯಿತು. ಅಷ್ಟು ತಯಾರಿಯ ನಂತರವೂ ಒಂದು ವೈರಸ್ ಪರೀಕ್ಷೆಯ ಕಣ್ಣು ತಪ್ಪಿಸಿ ನುಸುಳಿತ್ತು.

ಪರ್ವ್ ಎಂಬ ರೆಟ್ರೋವೈರಸ್‌ನ ಕಥೆ ಬೇರೆ. ಅದು ಹಂದಿಯ ಡಿಎನ್‌ಎ ಒಳಗೇ ಕೂತಿದೆ. ಎಷ್ಟೇ ಶುದ್ಧ ಆವರಣದಲ್ಲಿ ಸಾಕಿದರೂ ಹೋಗುವುದಿಲ್ಲ. ಲ್ಯಾಬ್ ತಟ್ಟೆಯಲ್ಲಿ ಅದು ಮನುಷ್ಯರ ಕೋಶಗಳಿಗೆ ಅಂಟಬಲ್ಲದು ಎಂದು 1997ರಲ್ಲಿ ತೋರಿಸಲಾಯಿತು. ಹಂದಿಯ ಅಂಗಾಂಶದ ಸಂಪರ್ಕಕ್ಕೆ ಬಂದಿದ್ದ 160 ರೋಗಿಗಳನ್ನು 1999ರಲ್ಲಿ ಪರೀಕ್ಷಿಸಿದಾಗ ಯಾರಲ್ಲೂ ಸೋಂಕು ಕಾಣಲಿಲ್ಲ. 2017ರಲ್ಲಿ ಜೀನ್ ಕತ್ತರಿಯಿಂದ ಈ ವೈರಸ್‌ನ ಎಲ್ಲ ಪ್ರತಿಗಳನ್ನೂ ನಿಷ್ಕ್ರಿಯ ಮಾಡಿದ ಹಂದಿಮರಿಗಳು ಹುಟ್ಟಿದವು. ಆದರೂ ಹಿಂಡು ಆರಿಸುವಾಗ ಈ ವೈರಸ್‌ನ ಪರ್ವ್ ಸಿ ಎಂಬ ಬಗೆ ಇಲ್ಲದ ಹಂದಿಗಳಿಗೇ ಆದ್ಯತೆ ಕೊಡಿ. ಎ ಮತ್ತು ಸಿ ಬಗೆಗಳು ಬೆರೆತು ಹುಟ್ಟುವ ಹೊಸ ರೂಪ ಮನುಷ್ಯರ ಕೋಶಗಳನ್ನು ಇನ್ನೂ ಸುಲಭವಾಗಿ ಹೊಗಬಲ್ಲದು.

ಗ್ರಂಥಿ ತೆಗೆಯುವ ಹೊತ್ತು

ಹಂದಿಗೆ ಪೂರ್ಣ ಅರಿವಳಿಕೆ ಕೊಟ್ಟು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿ, ಮಹಾಪಧಮನಿಯ ಮೂಲಕ ತಣ್ಣನೆಯ ಸಂರಕ್ಷಣಾ ದ್ರಾವಣ ಹರಿಸಿ ರಕ್ತ ತೊಳೆಯಿರಿ. ಯೂನಿವರ್ಸಿಟಿ ಆಫ್ ವಿಸ್ಕಾನ್ಸಿನ್ ದ್ರಾವಣ ಎಲ್ಲರಿಗೂ ಗೊತ್ತಿರುವುದು, ಲ್ಯಾಬ್‌ಗಳಲ್ಲಿ ಅದನ್ನು ಯುಡಬ್ಲ್ಯೂ ಅನ್ನುತ್ತಾರೆ. ಹರಿಸುವ ಹೊತ್ತಿಗೇ ಹೊಟ್ಟೆಯೊಳಗೆ ಗ್ರಂಥಿಯ ಸುತ್ತ ಸ್ಟೆರೈಲ್ ಐಸ್ ಪುಡಿ ತುಂಬಿ.

ರಕ್ತ ನಿಂತ ಕ್ಷಣದಿಂದ ಗ್ರಂಥಿ ತಣ್ಣಗಾಗುವವರೆಗಿನ ಸಮಯವೇ ವಾರ್ಮ್ ಇಸ್ಕೀಮಿಯಾ. ಪ್ಯಾಂಕ್ರಿಯಾಸ್ ತನ್ನ ಹೊಟ್ಟೆಯಲ್ಲೇ ಜೀರ್ಣರಸ ಇಟ್ಟುಕೊಂಡಿರುವ ಅಂಗ. ಬೆಚ್ಚಗಿದ್ದು ಆಮ್ಲಜನಕ ಸಿಗದಿದ್ದರೆ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಎಂಜೈಮ್ ಚುರುಕಾಗಿ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ಶುರು ಮಾಡುತ್ತದೆ. ಈ ಸಮಯ 10 ನಿಮಿಷದೊಳಗೆ ಮುಗಿಯಬೇಕು. ಗಡಿಯಾರ ಹಿಡಿದು ಒಬ್ಬರು ಜೋರಾಗಿ ನಿಮಿಷ ಹೇಳುತ್ತಿರಲಿ. ನಂತರ ಐಸ್ ಮೇಲೆ ಕಳೆಯುವ ಸಮಯವನ್ನೂ ಎರಡು ಗಂಟೆಗಿಂತ ಬೆಳೆಸಬೇಡಿ. ಮನುಷ್ಯರ ಗ್ರಂಥಿ ಇದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ, ಹಂದಿಯದು ತಾಳುವುದಿಲ್ಲ.

ಗ್ರಂಥಿಯ ಮೇಲಿನ ತೆಳು ಹೊದಿಕೆ ಹರಿಯಬಾರದು. ಹರಿದರೆ ಮುಂದಿನ ಹಂತದಲ್ಲಿ ಎಂಜೈಮ್ ಅಲ್ಲಿಂದಲೇ ಸೋರಿಹೋಗುತ್ತದೆ, ಗ್ರಂಥಿ ಉಬ್ಬುವುದೇ ಇಲ್ಲ. ಚಿಮಟದಲ್ಲಿ ಗ್ರಂಥಿಯನ್ನೇ ಹಿಡಿಯುವ ಬದಲು ಪಕ್ಕದ ಕೊಬ್ಬು ಅಥವಾ ಗುಲ್ಮ ಹಿಡಿದು ಎಳೆಯಿರಿ. ಹಂದಿಯಲ್ಲಿ ಪ್ಯಾಂಕ್ರಿಯಾಸ್ ನಾಳ ಪಿತ್ತನಾಳದ ಜೊತೆ ಸೇರುವುದಿಲ್ಲ. ಸ್ವಲ್ಪ ಕೆಳಗೆ ಸಣ್ಣಕರುಳಿಗೆ ಬೇರೆಯಾಗಿಯೇ ತೆರೆಯುತ್ತದೆ. ಮನುಷ್ಯರ ಅಂಗರಚನೆ ಕಲಿತು ಬಂದವರು ತಪ್ಪು ನಾಳ ಹುಡುಕುತ್ತಾ ಸಮಯ ಕಳೆಯುವುದು ಇಲ್ಲೇ. ಗ್ರಂಥಿಗೆ ಮೂರು ಹಾಲೆಗಳಿವೆ. ಅವುಗಳಲ್ಲಿ ಗುಲ್ಮದ ಕಡೆಯ ಉದ್ದ ಹಾಲೆಯೇ ಕೆಲಸಕ್ಕೆ ಸಲೀಸು. ಹಲವು ಲ್ಯಾಬ್‌ಗಳು ಅದೊಂದನ್ನೇ ಬಳಸುತ್ತವೆ.

ಎಂಜೈಮ್ ತುಂಬುವುದು

ಗ್ರಂಥಿಯನ್ನು ತಣ್ಣನೆಯ ಟ್ರೇಯಲ್ಲಿ ಇಟ್ಟು ಕೊಬ್ಬು ಬಿಡಿಸಿ, ತೂಕ ನೋಡಿ, ಸೋಂಕು ನಿವಾರಕದಲ್ಲಿ ಅದ್ದಿ ತೊಳೆದು ಬಯೋಸೇಫ್ಟಿ ಕ್ಯಾಬಿನೆಟ್ ಒಳಗೆ ತನ್ನಿ. ನಾಳಕ್ಕೆ ಕ್ಯಾನುಲಾ ಎಂಬ ತೆಳು ಕೊಳವೆ ಹಾಕಿ ದಾರದಿಂದ ಬಿಗಿಯಾಗಿ ಕಟ್ಟಿ.

ಎಂಜೈಮ್ ಮಿಶ್ರಣದಲ್ಲಿ ಎರಡು ಮುಖ್ಯ ಪಾಲುಗಳಿವೆ. ಒಂದು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದಿಂದ ಬರುವ ಕೊಲ್ಯಾಜಿನೇಸ್. ಇದು ಕೊಲ್ಯಾಜೆನ್ ನಾರನ್ನು ಕತ್ತರಿಸುತ್ತದೆ. ಇನ್ನೊಂದು ನ್ಯೂಟ್ರಲ್ ಪ್ರೋಟಿಯೇಸ್ ಅಥವಾ ಥರ್ಮೊಲೈಸಿನ್. ಇದು ಉಳಿದ ಪ್ರೋಟೀನ್ ಅಂಟನ್ನು ಬಿಡಿಸುತ್ತದೆ. ಹಂದಿಯ ಐಲೆಟ್‌ಗೆ ಎರಡನೆಯದು ಜಾಸ್ತಿಯಾದರೆ ಕಥೆ ಮುಗಿಯಿತು. ಮನುಷ್ಯರ ಗ್ರಂಥಿಗೆ ಬಳಸುವ ಪ್ರಮಾಣವನ್ನು ಹಾಗೇ ಎತ್ತಿ ತರಬೇಡಿ, ಕಡಿಮೆಯಿಂದ ಶುರು ಮಾಡಿ.

ಕೊಲ್ಯಾಜಿನೇಸ್‌ನ ಒಂದು ಲಾಟ್, ಅಂದರೆ ಒಂದು ಸಲ ತಯಾರಾದ ಕಂತು, ಇನ್ನೊಂದರಂತೆ ಇರುವುದಿಲ್ಲ. ಅದೇ ಕಂಪನಿ, ಅದೇ ಹೆಸರು, ಆದರೂ ಫಲಿತಾಂಶ ಬೇರೆ. ಪ್ರತಿ ಹೊಸ ಲಾಟನ್ನೂ ಪ್ರಯೋಗದ ಗ್ರಂಥಿಗಳಲ್ಲಿ ಪರೀಕ್ಷಿಸಿ, ಚೆನ್ನಾಗಿದ್ದರೆ ಅದೇ ಲಾಟಿನ ಸಾಕಷ್ಟು ಬಾಟಲಿಗಳನ್ನು ಕಾಯ್ದಿರಿಸಿ. ಮನುಷ್ಯರ ಬಳಕೆಗಾದರೆ ಪ್ರಾಣಿ ಅಂಗಾಂಶ ಸೋಕದೆ ತಯಾರಾದ ಶುದ್ಧ ದರ್ಜೆಯ ಎಂಜೈಮೇ ಬೇಕು. ಬಳಸುವ ಸ್ವಲ್ಪ ಮುಂಚೆ ಮಾತ್ರ ಕರಗಿಸಿ. ಕೊಲ್ಯಾಜಿನೇಸ್‌ಗೆ ಕ್ಯಾಲ್ಸಿಯಂ ಇಲ್ಲದೆ ಕೆಲಸ ಮಾಡಲಾಗುವುದಿಲ್ಲ, ದ್ರಾವಣದಲ್ಲಿ ಅದು ಇದೆಯೇ ನೋಡಿಕೊಳ್ಳಿ.

ಗ್ರಾಂ ಗ್ರಂಥಿಗೆ ಒಂದೆರಡು ಮಿಲಿಲೀಟರ್ ಲೆಕ್ಕದಲ್ಲಿ ತಣ್ಣನೆಯ ಎಂಜೈಮ್ ದ್ರಾವಣವನ್ನು ಸಿರಿಂಜ್‌ನಿಂದ ನಿಧಾನವಾಗಿ ನಾಳದೊಳಗೆ ತುಂಬಿ. ಗ್ರಂಥಿ ಎಲ್ಲ ಕಡೆ ಒಂದೇ ಸಮ ಉಬ್ಬಬೇಕು. ಸೋರುವ ಜಾಗಕ್ಕೆ ಕ್ಲಾಂಪ್ ಹಾಕಿ. ಉಬ್ಬದೇ ಉಳಿದ ಭಾಗಕ್ಕೆ ಸೂಜಿಯಿಂದ ನೇರ ತುಂಬಬಹುದು, ಇಲ್ಲವೇ ಆ ಭಾಗವನ್ನೇ ಕತ್ತರಿಸಿ ಬಿಸಾಡಿ. ಎರಡನೆಯದೇ ವಾಸಿ. ಸರಿಯಾಗಿ ಎಂಜೈಮ್ ತಲುಪದ ತುಂಡು ಕೊನೆಗೂ ಕರಗದೆ ಇಡೀ ಬ್ಯಾಚ್ ಕಾಯುವಂತೆ ಮಾಡುತ್ತದೆ.

ಕರಗಿಸುವುದು, ಸರಿಯಾದ ನಿಮಿಷದಲ್ಲಿ ನಿಲ್ಲಿಸುವುದು

ಇಲಿಯ ಪ್ಯಾಂಕ್ರಿಯಾಸ್‌ನಿಂದ ಕೊಲ್ಯಾಜಿನೇಸ್ ಬಳಸಿ ಐಲೆಟ್ ಬೇರ್ಪಡಿಸುವ ವಿಧಾನವನ್ನು ಪಾಲ್ ಲೇಸಿ ಮತ್ತು ಮೇರಿ ಕೊಸ್ಟಿಯಾನೋವ್‌ಸ್ಕಿ 1967ರಲ್ಲಿ ಪ್ರಕಟಿಸಿದರು. ಆದರೆ ಇಲಿಗೆ ಸಾಕಾಗುವ ವಿಧಾನ ದೊಡ್ಡ ಗ್ರಂಥಿಗೆ ಸಾಲಲಿಲ್ಲ. 1986ರಲ್ಲಿ ಲೇಸಿ ಅವರ ಲ್ಯಾಬ್‌ನಲ್ಲಿದ್ದ ಕಮಿಲ್ಲೊ ರಿಕಾರ್ಡಿ ದೊಡ್ಡ ಹಂದಿಯ ಪ್ಯಾಂಕ್ರಿಯಾಸ್‌ನಿಂದ ಭಾರಿ ಪ್ರಮಾಣದಲ್ಲಿ ಐಲೆಟ್ ತೆಗೆಯುವ ವಿಧಾನ ಪ್ರಕಟಿಸಿದರು. 1988ರಲ್ಲಿ ಮನುಷ್ಯರ ಗ್ರಂಥಿಗಾಗಿ ಸ್ವಯಂಚಾಲಿತ ವಿಧಾನ ಬಂತು. ಇವತ್ತಿಗೂ ಲ್ಯಾಬ್‌ಗಳಲ್ಲಿ ಕಾಣುವುದು ಅವರ ಹೆಸರಿನ ಚೇಂಬರೇ.

ರಿಕಾರ್ಡಿ ಚೇಂಬರ್ ಒಂದು ಸ್ಟೀಲ್ ಅಥವಾ ಪ್ಲಾಸ್ಟಿಕ್ ಪಾತ್ರೆ. ಕೆಳ ಕೋಣೆಯಲ್ಲಿ ಗ್ರಂಥಿಯ ತುಂಡುಗಳು ಮತ್ತು ಕೆಲವು ಸ್ಟೀಲ್ ಗುಂಡುಗಳು, ಮಧ್ಯೆ ಸುಮಾರು 500 ಮೈಕ್ರಾನ್ ಕಿಂಡಿಯ ಜಾಲರಿ, ಮೇಲೆ ಹೊರದಾರಿ. ಪಂಪ್ ಬೆಚ್ಚಗಿನ ದ್ರಾವಣವನ್ನು ಸುತ್ತು ಹಾಕಿಸುತ್ತದೆ. ಬಿಡುಗಡೆಯಾದ ಐಲೆಟ್ ಜಾಲರಿ ದಾಟಿ ಮೇಲೆ ಹೋಗುತ್ತದೆ, ದೊಡ್ಡ ತುಂಡು ಕೆಳಗೇ ಉಳಿಯುತ್ತದೆ. ಈ ವಿನ್ಯಾಸದ ಜಾಣತನ ಇರುವುದೇ ಇಲ್ಲಿ. ಮೊದಲು ಬಿಟ್ಟುಕೊಂಡ ಐಲೆಟ್ ಕೊನೆಯ ತುಂಡು ಕರಗುವವರೆಗೆ ಎಂಜೈಮ್‌ನಲ್ಲೇ ನೆನೆಯಬೇಕಾಗಿಲ್ಲ.

ತಾಪಮಾನವನ್ನು ನಿಧಾನವಾಗಿ ಏರಿಸಿ. 37 ಡಿಗ್ರಿ ಸೆಲ್ಸಿಯಸ್ ದಾಟಲೇಬಾರದು. ಹಂದಿಯ ಗ್ರಂಥಿಗೆ 32ರಿಂದ 34ರಲ್ಲೇ ಇಡುವ ತಂಡಗಳೂ ಇವೆ, ಮೆತ್ತನೆಯ ಗ್ರಂಥಿ ಸಿಕ್ಕಾಗ ನಾನೂ ಅದರ ಪರವೇ. ಮನುಷ್ಯರ ಗ್ರಂಥಿಗೆ ಮಾಡುವಂತೆ ಚೇಂಬರನ್ನು ಜೋರಾಗಿ ಕುಲುಕಬೇಡಿ. ಸುಮ್ನೆ ಆಚೀಚೆ ವಾಲಿಸಿದರೆ ಸಾಕು.

ಐದಾರು ನಿಮಿಷದ ನಂತರ ಎರಡೆರಡು ನಿಮಿಷಕ್ಕೊಮ್ಮೆ ಸ್ಯಾಂಪಲ್ ತೆಗೆಯಿರಿ. ಕೆಲಸ ಚುರುಕಾದಂತೆ ನಿಮಿಷಕ್ಕೊಂದು. ಡೈಥಿಜೋನ್ ಹಾಕಿ ನೋಡಿ. ಮೊದಲು ಬರೀ ಕಂದು ಚೂರುಗಳು. ನಂತರ ಅಸಿನಾರ್ ಅಂಗಾಂಶದೊಳಗೆ ಹೂತ ಕೆಂಪು ಐಲೆಟ್‌ಗಳು. ಆಮೇಲೆ ಒಂದೊಂದೇ ಬಿಡಿ ಐಲೆಟ್, ಅಂಚು ದುಂಡಗೆ. ಅರ್ಧದಷ್ಟು ಐಲೆಟ್ ಬಿಡಿಯಾಗಿ ಕಂಡ ಕೂಡಲೇ ನಿಲ್ಲಿಸಿ. ಪೂರ್ತಿ ಬಿಡುಗಡೆಗೆ ಕಾಯಬೇಡಿ. ನೀವು ನೋಡುತ್ತಿರುವುದು ಒಂದು ನಿಮಿಷದ ಹಿಂದಿನ ಸ್ಥಿತಿ, ಚೇಂಬರಿನೊಳಗೆ ಕೆಲಸ ಮುಂದೆ ಹೋಗಿರುತ್ತದೆ. ಐಲೆಟ್ ಅಂಚು ಒರಟಾಗಿ, ಸುತ್ತ ಕೆಂಪು ಬಿಡಿ ಕೋಶಗಳು ತೇಲುತ್ತಿದ್ದರೆ ತಡವಾಯಿತು ಎಂದೇ ಅರ್ಥ.

ಎಷ್ಟು ನಿಮಿಷ ಎಂದು ಎಲ್ಲರೂ ಕೇಳುತ್ತಾರೆ. ಹತ್ತರಿಂದ ಇಪ್ಪತ್ತೈದು ನಿಮಿಷದ ನಡುವೆ ಎಲ್ಲಾದರೂ ಇರಬಹುದು. ಗಡಿಯಾರ ನೋಡಿ ನಿಲ್ಲಿಸುವವರು ಒಂದು ದಿನ ಬೇಗ, ಇನ್ನೊಂದು ದಿನ ತಡ ನಿಲ್ಲಿಸುತ್ತಾರೆ. ಕಣ್ಣು ಪಳಗಬೇಕು. ಅದಕ್ಕೆ ಅನುಭವಿಯ ಪಕ್ಕ ಕೂತು ಒಂದೇ ಸ್ಯಾಂಪಲನ್ನು ಇಬ್ಬರೂ ನೋಡಿ ತೀರ್ಪು ಹೇಳುವ ಅಭ್ಯಾಸಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ನಿಲ್ಲಿಸುವುದು ಎಂದರೆ ಮೂರು ಕೆಲಸ ಒಟ್ಟಿಗೆ. ಬಿಸಿ ತೆಗೆಯಿರಿ, ತಣ್ಣನೆಯ ಮಾಧ್ಯಮ (ಕೋಶಗಳನ್ನು ಇಡುವ ಪೋಷಕ ದ್ರವ) ಸುರಿದು ಎಂಜೈಮ್ ತೆಳುವಾಗಿಸಿ, ಸಂಗ್ರಹಿಸುವ ಬಾಟಲಿಗಳಲ್ಲಿ ಸೀರಂ ಅಥವಾ ಆಲ್ಬುಮಿನ್ ಇಡಿ. ಆ ಪ್ರೋಟೀನ್ ಉಳಿದ ಎಂಜೈಮ್‌ಗೆ ತುತ್ತಾಗಿ ಐಲೆಟ್ ಉಳಿಯುತ್ತದೆ. ಬಾಟಲಿ ತುಂಬಿದಂತೆಲ್ಲ ಐಸ್ ಮೇಲಿಟ್ಟು, 4 ಡಿಗ್ರಿಯಲ್ಲಿ ಕಡಿಮೆ ವೇಗದ ಸೆಂಟ್ರಿಫ್ಯೂಜ್ ಮಾಡಿ ಒಟ್ಟುಗೂಡಿಸಿ. ಗೋಂದಿನಂತೆ ಅಂಟಂಟಾಗಿ ಎಳೆಗಳು ಕಂಡರೆ ಅದು ಸತ್ತ ಕೋಶಗಳ ಡಿಎನ್‌ಎ. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಎಂಜೈಮ್ ಹಾಕಿದರೆ ಬಿಡುತ್ತದೆ. ಆದರೆ ಎಳೆ ಕಂಡಿತೆಂದರೆ ಹಿಂದಿನ ಯಾವುದೋ ಹಂತದಲ್ಲಿ ಕೋಶಗಳು ಜಾಸ್ತಿ ಸತ್ತಿವೆ. ಅದನ್ನು ಬರೆದಿಟ್ಟುಕೊಳ್ಳಿ.

ಶುದ್ಧೀಕರಣ

ಐಲೆಟ್ ಅಸಿನಾರ್ ಅಂಗಾಂಶಕ್ಕಿಂತ ಹಗುರ. ಸಾಂದ್ರತೆ ಮೇಲಿಂದ ಕೆಳಕ್ಕೆ ಏರುತ್ತಾ ಹೋಗುವ ದ್ರಾವಣದಲ್ಲಿ (ಇದೇ ಗ್ರೇಡಿಯಂಟ್) ತಿರುಗಿಸಿದರೆ ಐಲೆಟ್ ಮೇಲೆ ನಿಲ್ಲುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಇದಕ್ಕೆ ಫೈಕಾಲ್ ಅಥವಾ ಐಯೋಡಿಕ್ಸನಾಲ್ ಬಳಸುತ್ತಾರೆ. ಮೊದಲು ಅಂಗಾಂಶವನ್ನು ಅರ್ಧ ಗಂಟೆ ತಣ್ಣನೆಯ ಯುಡಬ್ಲ್ಯೂ ದ್ರಾವಣದಲ್ಲಿ ನೆನೆಸಿ. ಕರಗಿಸುವಾಗ ಉಬ್ಬಿದ ಅಸಿನಾರ್ ಕೋಶಗಳು ನೀರು ಕಳೆದುಕೊಂಡು ಮತ್ತೆ ಭಾರವಾಗುತ್ತವೆ, ಬೇರ್ಪಡುವುದು ಚೆನ್ನಾಗುತ್ತದೆ.

ಕೋಬ್ 2991 ಎಂಬ, ಮೂಲದಲ್ಲಿ ರಕ್ತಕೋಶ ತೊಳೆಯಲು ಮಾಡಿದ ಯಂತ್ರ ಐಲೆಟ್ ಲ್ಯಾಬ್‌ಗಳಲ್ಲಿ ಬಹಳ ಕಾಲದಿಂದ ಇದೆ. ಒಂದು ಚೀಲಕ್ಕೆ 20ರಿಂದ 25 ಮಿಲಿಲೀಟರ್‌ಗಿಂತ ಹೆಚ್ಚು ಅಂಗಾಂಶ ತುಂಬಬೇಡಿ. ಜಾಸ್ತಿಯಾದರೆ ಎರಡು ಸುತ್ತು ಮಾಡಿ. ಆದರೆ ಚೀಲ ಹಿಂಡುವಾಗಿನ ಎಳೆತಕ್ಕೆ ಹಂದಿಯ ಐಲೆಟ್ ಒಡೆಯುತ್ತದೆ. ಅದಕ್ಕೆ ದೊಡ್ಡ ಬಾಟಲಿಗಳಲ್ಲಿ ಗ್ರೇಡಿಯಂಟ್ ಮಾಡಿ ನಿಧಾನವಾಗಿ ತಿರುಗಿಸುವ ವಿಧಾನ ಬಂದಿದೆ. ಹಂದಿಗಾದರೆ ಇದೇ ಒಳ್ಳೆಯದು.

ಶುದ್ಧತೆಯ ಹಿಂದೆ ಬಿದ್ದು ಐಲೆಟ್ ಕಳೆದುಕೊಳ್ಳಬೇಡಿ. ಅಸಿನಾರ್ ಅಂಗಾಂಶ ಉಳಿದರೆ ತೊಂದರೆ ಇದೆ, ನಿಜ. ಅದರ ರಸ ಐಲೆಟ್‌ಗೆ ಹಾನಿ ಮಾಡುತ್ತದೆ, ಒಟ್ಟು ಗಾತ್ರ ಹೆಚ್ಚಾಗಿ, ಕಸಿಯಲ್ಲಿ ಐಲೆಟ್ ಹರಿಸುವ ಯಕೃತ್ತಿನ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಆದರೆ ಅದನ್ನು ಪೂರ್ತಿ ತೆಗೆಯಲು ಮೂರು ನಾಲ್ಕು ಸಲ ತಿರುಗಿಸಿದರೆ ಇನ್ನೂ ದೊಡ್ಡ ನಷ್ಟ.

ಎಣಿಕೆ

ಐಲೆಟ್‌ಗಳು ಬೇರೆ ಬೇರೆ ಗಾತ್ರದವು. ಹಾಗಾಗಿ ಬರೀ ಸಂಖ್ಯೆ ಹೇಳಿದರೆ ಅರ್ಥವಿಲ್ಲ. 150 ಮೈಕ್ರಾನ್ ವ್ಯಾಸದ ಒಂದು ಗೋಳವನ್ನು ಒಂದು ಐಇಕ್ಯೂ (ಐಲೆಟ್ ಈಕ್ವಿವೆಲೆಂಟ್) ಎಂದು ಲೆಕ್ಕ ಹಿಡಿಯುತ್ತಾರೆ. ಗಾತ್ರ ವ್ಯಾಸದ ಘನದಂತೆ ಬೆಳೆಯುವುದರಿಂದ 300 ಮೈಕ್ರಾನ್ ಐಲೆಟ್ ಒಂದೇ ಎಂಟು ಐಇಕ್ಯೂಗೆ ಸಮ. 75 ಮೈಕ್ರಾನಿನ ಎಂಟು ಸೇರಿದರೆ ಒಂದು. ಒಡೆದ ಐಲೆಟ್ ಎಷ್ಟು ನಷ್ಟ ತರುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. 50 ಮೈಕ್ರಾನ್‌ಗಿಂತ ಚಿಕ್ಕ ಚೂರುಗಳನ್ನು ಎಣಿಸುವುದೇ ಇಲ್ಲ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಸರಾಸರಿ ತೆಗೆದುಕೊಳ್ಳಿ.

ಚೆನ್ನಾಗಿ ನಡೆದ ದಿನ ವಯಸ್ಕ ಹಂದಿಯೊಂದರಿಂದ ಕೆಲವು ಲಕ್ಷ ಐಇಕ್ಯೂ ಸಿಗುತ್ತದೆ. ಮನುಷ್ಯರ ಐಲೆಟ್ ಆದರೆ ರೋಗಿಯ ತೂಕದ ಕಿಲೋಗೆ ಕನಿಷ್ಠ 5,000 ಐಇಕ್ಯೂ ಎಂಬ ಲೆಕ್ಕವಿದೆ. ಹಂದಿಯ ಐಲೆಟ್ ಗ್ಲೂಕೋಸ್‌ಗೆ ಉತ್ತರವಾಗಿ ಮನುಷ್ಯರದ್ದಕ್ಕಿಂತ ಮೂರರಿಂದ ಆರು ಪಟ್ಟು ಕಡಿಮೆ ಇನ್ಸುಲಿನ್ ಬಿಡುತ್ತದೆ. ಕೋತಿಗಳ ಪ್ರಯೋಗಗಳಲ್ಲಿ ಕಿಲೋಗೆ 25,000ದಿಂದ 1,00,000ದವರೆಗೂ ಕೊಟ್ಟಿದ್ದಾರೆ. 60 ಕಿಲೋ ತೂಕದ ಒಬ್ಬರಿಗೆ ಕಿಲೋಗೆ ಬರೀ 10,000 ಎಂದು ಹಿಡಿದರೂ 6 ಲಕ್ಷ ಐಇಕ್ಯೂ ಬೇಕು. ಒಂದೇ ಹಂದಿ ಸಾಕಾಗುವುದು ಅಪರೂಪ.

ಕಲ್ಚರ್

ಕಲ್ಚರ್ ಎಂದರೆ ಐಲೆಟ್‌ಗಳನ್ನು ಪೋಷಕ ದ್ರವದಲ್ಲಿ ಜೀವಂತ ಇಡುವುದು. ಸಿಎಂಆರ್‌ಎಲ್ ಎಂಬ ಮಾಧ್ಯಮದಲ್ಲಿ, ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಒಂದೆರಡು ದಿನ ಇಡಿ. ಮೊದಲು 37 ಡಿಗ್ರಿ, ಆಮೇಲೆ 22ರಿಂದ 24 ಡಿಗ್ರಿ ಎಂಬ ಕ್ರಮ ಹಲವು ಕಡೆ ಇದೆ. ಫ್ಲಾಸ್ಕಿನಲ್ಲಿ ಐಲೆಟ್ ಒತ್ತೊತ್ತಾಗಿ ಕೂರಿಸಬೇಡಿ. ರಕ್ತನಾಳ ಕಡಿದ ಐಲೆಟ್‌ಗೆ ಆಮ್ಲಜನಕ ಮಾಧ್ಯಮದ ಮೂಲಕವೇ ತಲುಪಬೇಕು. ದೊಡ್ಡ ಐಲೆಟ್‌ನ ನಡುವೆ ಕಪ್ಪು ಚುಕ್ಕೆ ಕಂಡರೆ ಅಲ್ಲಿ ಉಸಿರು ಕಟ್ಟಿ ಕೋಶ ಸಾಯುತ್ತಿದೆ ಎಂದು ತಿಳಿಯಿರಿ.

ಈ ಎರಡು ದಿನಗಳಲ್ಲಿ ಒಂದಷ್ಟು ಐಲೆಟ್ ಸಾಯುತ್ತವೆ. ಆದರೂ ಕಲ್ಚರ್ ಬಿಡಬೇಡಿ. ಪರೀಕ್ಷೆಗಳಿಗೆ ಸಮಯ ಸಿಗುತ್ತದೆ. ಹೇಗೂ ಉಳಿಯದಿದ್ದ ಕೋಶಗಳು ರೋಗಿಯ ದೇಹದೊಳಗೆ ಹೋಗಿ ಉರಿಯೂತ ಎಬ್ಬಿಸುವ ಬದಲು ಫ್ಲಾಸ್ಕಿನಲ್ಲೇ ಸತ್ತುಹೋಗುತ್ತವೆ.

ಮರಿಹಂದಿಯ ದಾರಿ

ಎಡ್ಮಂಟನ್‌ನ ಕಾರ್ಬಟ್, ರಾಜೋಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ವಿಧಾನ ಇದು. ನವಜಾತ ಮರಿಯ ಗ್ರಂಥಿಯನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಕೊಲ್ಯಾಜಿನೇಸ್‌ನಲ್ಲಿ ಬೆಚ್ಚಗೆ ಅಲುಗಾಡಿಸಿ, 500 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಒಂಬತ್ತು ದಿನ ಕಲ್ಚರ್ ಮಾಡುತ್ತಾರೆ. ಅಷ್ಟರಲ್ಲಿ ಅಸಿನಾರ್ ಕೋಶಗಳು ತಾವಾಗಿಯೇ ಸಾಯುತ್ತವೆ. ಉಳಿದ ಕೋಶಗಳು ಒಟ್ಟು ಸೇರಿ ದುಂಡಗಿನ ಗುಂಪಾಗುತ್ತವೆ. ರಿಕಾರ್ಡಿ ಚೇಂಬರ್ ಬೇಡ, ಗ್ರೇಡಿಯಂಟ್ ಬೇಡ. ಒಂದು ಗ್ರಂಥಿಯಿಂದ ಸುಮಾರು 50,000 ಗುಂಪು ಸಿಗುತ್ತವೆ.

ಕೈ ಪಳಗದ ತಂಡಕ್ಕೆ ನಾನು ಹೇಳುವುದು ಇದನ್ನೇ ಮೊದಲು ಮಾಡಿ ಎಂದು. ಆಮ್ಲಜನಕದ ಕೊರತೆಯನ್ನೂ ಇವು ಚೆನ್ನಾಗಿ ತಾಳುತ್ತವೆ. ಕೊರತೆ ಒಂದೇ, ಇವು ಎಳೆಯವು. ಕಸಿ ಮಾಡಿದ ಮೇಲೆ ಸಕ್ಕರೆ ಹತೋಟಿಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನ್ಯೂಜಿಲೆಂಡ್‌ನಲ್ಲಿ ಆಕ್ಲೆಂಡ್ ದ್ವೀಪಗಳಿಂದ ತಂದ, ಬಹುಕಾಲ ಹೊರಗಿನ ಹಂದಿಗಳ ಸಂಪರ್ಕವೇ ಇಲ್ಲದೆ ಉಳಿದಿದ್ದ ಹಂದಿಗಳ ಮರಿಗಳಿಂದ ಇಂಥ ಕೋಶ ತೆಗೆದು, ಆಲ್ಜಿನೇಟ್ ಎಂಬ ಜೆಲ್‌ನಲ್ಲಿ ಸುತ್ತಿ ರೋಗಿಗಳಿಗೆ ಕೊಟ್ಟಿದ್ದಾರೆ. 1996ರಲ್ಲಿ ಆಲ್ಜಿನೇಟ್‌ನಲ್ಲಿ ಸುತ್ತಿದ ಮರಿಹಂದಿ ಕೋಶಗಳ ಕಸಿ ಪಡೆದ ಒಬ್ಬ ರೋಗಿಯಲ್ಲಿ ಒಂಬತ್ತೂವರೆ ವರ್ಷದ ನಂತರವೂ ಕೆಲವು ಜೀವಂತ ಕೋಶಗಳು ಸಿಕ್ಕವು.

ಬಿಡುಗಡೆಗೆ ಮುನ್ನ ಪರೀಕ್ಷೆ

ಜೀವಂತ ಕೋಶಗಳು ಶೇಕಡಾ 70ಕ್ಕಿಂತ ಹೆಚ್ಚಿರಬೇಕು. ಹಸಿರು ಬಣ್ಣಕ್ಕೆ ಬದುಕಿದ ಕೋಶ, ಕೆಂಪಿಗೆ ಸತ್ತ ಕೋಶ ಎಂದು ಎರಡು ಹೊಳೆಯುವ ಬಣ್ಣಗಳಲ್ಲಿ ನೋಡುತ್ತಾರೆ. ಗ್ರಾಂ ಸ್ಟೇನ್, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಕಲ್ಚರ್, ಮೈಕೋಪ್ಲಾಸ್ಮಾ ಎಲ್ಲವೂ ನೆಗೆಟಿವ್ ಬರಬೇಕು. ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ರೋಗಿಯ ತೂಕದ ಕಿಲೋಗೆ 5 ಯೂನಿಟ್ ದಾಟಬಾರದು.

ಕೆಲಸ ಮಾಡುತ್ತವೆಯೋ ಎಂದು ತಿಳಿಯಲು ಮೊದಲು ಕಡಿಮೆ ಗ್ಲೂಕೋಸ್ ದ್ರಾವಣದಲ್ಲಿ, ಆಮೇಲೆ ಹೆಚ್ಚು ಗ್ಲೂಕೋಸ್ ದ್ರಾವಣದಲ್ಲಿ ಒಂದೊಂದು ಗಂಟೆ ಇಟ್ಟು ಹೊರಬಂದ ಇನ್ಸುಲಿನ್ ಅಳೆಯಿರಿ. ಹಂದಿಯ ಐಲೆಟ್‌ನಲ್ಲಿ ಈ ಅನುಪಾತ ದೊಡ್ಡದಿರುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ. ನಿಜವಾದ ಪರೀಕ್ಷೆ ರೋಗನಿರೋಧಕ ಶಕ್ತಿ ಇಲ್ಲದ, ಡಯಾಬಿಟಿಸ್ ಬರಿಸಿದ ಇಲಿಯ ಮೂತ್ರಪಿಂಡದ ಪೊರೆಯ ಕೆಳಗೆ ಐಲೆಟ್ ಇಟ್ಟು ಸಕ್ಕರೆ ಇಳಿಯುತ್ತದೆಯೇ ನೋಡುವುದು. ಇದರ ಉತ್ತರ ಬರುವ ಹೊತ್ತಿಗೆ ಬ್ಯಾಚ್ ಬಳಕೆಯಾಗಿರುತ್ತದೆ. ಆದರೂ ನಿಮ್ಮ ವಿಧಾನ ನಂಬಿಕೆಗೆ ಅರ್ಹವೇ ಎಂದು ಹೇಳುವುದು ಇದೊಂದೇ.

ಕಸಿಯ ಕಡೆಗೆ

ಐಲೆಟ್‌ಗಳನ್ನು ಚೀಲದಲ್ಲಿ ತುಂಬಿ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳದೊಳಗೆ ನಿಧಾನವಾಗಿ ಹರಿಸುವುದು ಸಾಮಾನ್ಯ ದಾರಿ. ರಕ್ತ ತಾಗಿದ ಕೂಡಲೇ ಹೆಪ್ಪುಗಟ್ಟುವಿಕೆ ಮತ್ತು ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನ್‌ಗಳ ದಾಳಿ ಒಟ್ಟಿಗೆ ಶುರುವಾಗಿ ಎಷ್ಟೋ ಐಲೆಟ್ ಗಂಟೆಗಳಲ್ಲೇ ನಾಶವಾಗುತ್ತವೆ. ಹೆಪಾರಿನ್ ಇದಕ್ಕೇ ಕೊಡುವುದು. ಹಂದಿಯ ಕೋಶಗಳ ಮೇಲಿರುವ ಆಲ್ಫಾ ಗ್ಯಾಲ್ ಎಂಬ ಸಕ್ಕರೆ ಅಣು ತೆಗೆದುಹಾಕಿದ ಜೀನ್ ಮಾರ್ಪಾಡಿನ ಹಂದಿಗಳನ್ನು ಬಳಸುವುದೂ ಈ ದಾಳಿ ತಗ್ಗಿಸಲೇ. 2006ರಲ್ಲಿ ಅಮೆರಿಕದ ಮಿನೆಸೋಟ ತಂಡ ಡಯಾಬಿಟಿಸ್ ಇದ್ದ ಕೋತಿಗಳನ್ನು ಹಂದಿಯ ಐಲೆಟ್‌ನಿಂದ ನೂರು ದಿನಗಳಿಗೂ ಹೆಚ್ಚು ಕಾಲ ಇನ್ಸುಲಿನ್ ಇಲ್ಲದೆ ಇಟ್ಟಿತು. 2015ರಲ್ಲಿ ಕೊರಿಯಾದ ತಂಡ ಅದನ್ನು 600 ದಿನಗಳ ಆಚೆಗೆ ಒಯ್ದಿತು. ಅವರು ಬಳಸಿದ ರೋಗನಿರೋಧಕ ತಗ್ಗಿಸುವ ಔಷಧಿಗಳೆಲ್ಲ ಮನುಷ್ಯರಿಗೆ ಹಾಗೇ ಕೊಡಲಾಗುವುದಿಲ್ಲ. ದಾರಿ ನಿಂತಿರುವುದು ಅಲ್ಲಿ.

ಕೊನೆಯ ಕೆಲಸ ದಾಖಲೆ. ಹಂದಿಯ ಗುರುತು, ಎಂಜೈಮ್ ಲಾಟ್, ಪ್ರತಿ ಹಂತದ ಸಮಯ ಮತ್ತು ತಾಪಮಾನ, ಎಣಿಕೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಒಂದೇ ಕಡತದಲ್ಲಿರಲಿ. ಹಂದಿಯ ರಕ್ತ ಮತ್ತು ಅಂಗಾಂಶ, ಕೊಟ್ಟ ಐಲೆಟ್‌ನ ಒಂದು ಪಾಲು, ರೋಗಿಯ ರಕ್ತದ ಸ್ಯಾಂಪಲ್‌ಗಳನ್ನು ದಶಕಗಳ ಕಾಲ ಫ್ರೀಜರಿನಲ್ಲಿ ಕಾಪಾಡಬೇಕು. ರೋಗಿಯನ್ನು ಜೀವನಪೂರ್ತಿ ಗಮನಿಸಬೇಕು. ಇಪ್ಪತ್ತು ವರ್ಷದ ನಂತರ ಯಾವುದೋ ಹೊಸ ವೈರಸ್ ಬಗ್ಗೆ ಪ್ರಶ್ನೆ ಎದ್ದರೆ ಆ ದಿನದ ತಂಡ ಹಿಂತಿರುಗಿ ನೋಡುವುದು ಇವತ್ತು ನೀವು ಲೇಬಲ್ ಅಂಟಿಸಿದ ಈ ಟ್ಯೂಬ್‌ಗಳನ್ನೇ. ಹಾಗಾಗಿ ಫ್ರೀಜರಿಗೆ ಬ್ಯಾಕಪ್ ವಿದ್ಯುತ್ ಮತ್ತು ಅಲಾರಂ ಹಾಕಿಸಿ. ಸ್ಯಾಂಪಲ್‌ಗಳನ್ನು ಎರಡು ಬೇರೆ ಕಟ್ಟಡಗಳಲ್ಲಿ ಹಂಚಿಡಿ.